ಮಗುವಿಗೆ ಉಣಿಸಿದ ಅಣ್ಣ, ಕ್ಯಾಮೆರಾ ಹಿಡಿದ ತಮ್ಮ - ಲೂಮಿಯೇರ್ ಸಹೋದರರ ಜೀವನಗಾಥೆ



ತಾಯ್ನಾಡಿನಿಂದ ದೂರ ಬಂದು ನೆಲೆಸಿರುವ ನಮ್ಮ ನಿಮ್ಮೆಲ್ಲರ ಮನೆಗಳಲ್ಲಿ ಒಂದು ವಸ್ತು ಬಹುತೇಕ ಇದ್ದೇ ಇರುತ್ತದೆ. ಬೀರುವಿನ ಮೇಲಿನ ಖಾನೆಯಲ್ಲಿ, ಹಳೆಯ ಬಟ್ಟೆಗಳ ಹಿಂದೆ, ವಿಡಿಯೋ ಟೇಪುಗಳು ತುಂಬಿದ ಒಂದು ಡಬ್ಬ! ಮಗುವಿನ ನಾಮಕರಣ, ಅನ್ನಪ್ರಾಶನ, ಮೊದಲ ಹುಟ್ಟುಹಬ್ಬ, ಊರಿನಿಂದ ಬಂದ ಅಜ್ಜಿ ತಾತ ವಿಮಾನ ನಿಲ್ದಾಣದ ಬಾಗಿಲಿನಿಂದ ಹೊರಬರುತ್ತಿರುವುದು... ಹೀಗೆ. ಅದನ್ನು ಚಿತ್ರೀಕರಿಸಿದ್ದು ನಮಗಾಗಿ ಮಾತ್ರವಲ್ಲ, ಊರಿನಲ್ಲಿ ಕಾದು ಕುಳಿತವರಿಗೆ ಕಳುಹಿಸಲೆಂದು. ಇಂದು ಆ ಕೆಲಸವನ್ನು ಮೊಬೈಲ್ ಫೋನು ಕ್ಷಣಾರ್ಧದಲ್ಲಿ ಮಾಡುತ್ತದೆ. ಆದರೆ ಚಲಿಸುವ ಚಿತ್ರದಲ್ಲಿ ಮನೆಯವರನ್ನೇ ಹಿಡಿದಿಡಬಹುದು ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟವರು ಯಾರು ಎಂದು ನಾವು ಯೋಚಿಸಿದ್ದೇವೆಯೇ?

ಅವರು ಫ್ರಾನ್ಸ್ ದೇಶದ ಲಿಯೋನ್ ನಗರದ ಅಣ್ಣತಮ್ಮಂದಿರು. ಅಣ್ಣ ಆಗುಸ್ತ್ ಲೂಮಿಯೇರ್, ತಮ್ಮ ಲೂಯಿ ಲೂಮಿಯೇರ್. ಫ್ರೆಂಚ್ ಭಾಷೆಯಲ್ಲಿ ಲೂಮಿಯೇರ್ ಎಂದರೆ ಬೆಳಕು. ಹೆಸರಿಗೆ ತಕ್ಕಂತೆ ಬೆಳಕಿನಿಂದಲೇ ಬದುಕು ಕಟ್ಟಿಕೊಂಡ ಈ ಸಹೋದರರ ಬಗ್ಗೆ ನಮ್ಮ ಓದುಗರಿಗೆ, ಅದರಲ್ಲೂ ಮಕ್ಕಳಿಗೆ ತಿಳಿಸುವ ಒಂದು ಪುಟ್ಟ ಪ್ರಯತ್ನ ಇಲ್ಲಿದೆ.

ಬಾಲ್ಯ ಮತ್ತು ತಂದೆಯ ಕಾರ್ಖಾನೆ

ಆಗುಸ್ತ್ ಹುಟ್ಟಿದ್ದು 1862ರ ಅಕ್ಟೋಬರ್ 19ರಂದು, ಲೂಯಿ ಹುಟ್ಟಿದ್ದು 1864ರ ಅಕ್ಟೋಬರ್ 5ರಂದು. ಇಬ್ಬರ ಜನ್ಮಸ್ಥಳವೂ ಪೂರ್ವ ಫ್ರಾನ್ಸಿನ ಬೆಜಾನ್ಸೋನ್ ಪಟ್ಟಣ. ತಂದೆ ಆಂತ್ವಾನ್ ಲೂಮಿಯೇರ್ ಚಿತ್ರಕಾರರು, ಆಮೇಲೆ ಛಾಯಾಗ್ರಾಹಕರಾದವರು. 1870ರಲ್ಲಿ ಕುಟುಂಬ ಲಿಯೋನ್‌ಗೆ ಬಂದು ನೆಲೆಸಿತು. ಮಕ್ಕಳಿಬ್ಬರೂ ಅಲ್ಲಿನ ಲಾ ಮಾರ್ತಿನಿಯೇರ್ ತಾಂತ್ರಿಕ ಶಾಲೆಯಲ್ಲಿ ಓದಿದರು.

ಆಂತ್ವಾನ್ ಅವರದು ಕನಸುಗಾರನ ಸ್ವಭಾವ. ಖರ್ಚಿನಲ್ಲಿ ಧಾರಾಳಿ, ಲೆಕ್ಕಾಚಾರದಲ್ಲಿ ಸ್ವಲ್ಪ ಹಿಂದೆ. ಅಂಥವರ ಸಂಸಾರವನ್ನು ಮೇಲೆತ್ತಿದ್ದು ಮಕ್ಕಳ ಬುದ್ಧಿವಂತಿಕೆ. ಅಂದಿನ ದಿನಗಳಲ್ಲಿ ಫೋಟೋ ತೆಗೆಯಲು ರಾಸಾಯನಿಕ ಲೇಪಿಸಿದ ಗಾಜಿನ ಫಲಕಗಳು ಬೇಕಿದ್ದವು. 1881ರಲ್ಲಿ, ಇನ್ನೂ ಹದಿಹರೆಯದ ಹುಡುಗನಾಗಿದ್ದ ಲೂಯಿ, ಮೊದಲೇ ತಯಾರಿಸಿಟ್ಟು ಬೇಕೆಂದಾಗ ಬಳಸಬಹುದಾದ ಒಣ ಫಲಕಗಳನ್ನು ಉತ್ತಮಪಡಿಸುವ ವಿಧಾನವನ್ನು ಕಂಡುಹಿಡಿದ. ಲಿಯೋನ್‌ನ ಮೋಂಪ್ಲೆಜಿರ್ ಬಡಾವಣೆಯಲ್ಲಿ ಕಾರ್ಖಾನೆ ಎದ್ದಿತು. ನೀಲಿ ಚೀಟಿ ಅಂಟಿಸಿದ ಲೂಮಿಯೇರ್ ಫಲಕಗಳು ಬಲು ಬೇಗ ಪ್ರಸಿದ್ಧವಾದವು. 1894ರ ಹೊತ್ತಿಗೆ ಸುಮಾರು 300 ಕೆಲಸಗಾರರು, ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಫಲಕಗಳು! ಅಂದರೆ ಸಿನಿಮಾ ಎಂಬ ಪದ ಹುಟ್ಟುವ ಮೊದಲೇ ಈ ಸಹೋದರರು ಯಶಸ್ವಿ ಉದ್ಯಮಿಗಳಾಗಿದ್ದರು.

ಇಬ್ಬರ ನಡುವಿನ ಅನ್ಯೋನ್ಯತೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಅವರು ಮದುವೆಯಾದದ್ದು ಒಂದೇ ಮನೆಯ ಅಕ್ಕತಂಗಿಯರನ್ನು. ಆಗುಸ್ತ್ ಮಾರ್ಗರಿತ್ ಅವರನ್ನು, ಲೂಯಿ ರೋಸ್ ಅವರನ್ನು ವರಿಸಿದರು. ಸಂಶೋಧನೆ ಯಾರೇ ಮಾಡಿರಲಿ, ಹಕ್ಕುಪತ್ರದಲ್ಲಿ ಇಬ್ಬರ ಹೆಸರನ್ನೂ ಬರೆಸುವುದು ಅವರಲ್ಲಿ ರೂಢಿಯಾಗಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಒಂದು ಗೇಣು ಜಾಗಕ್ಕಾಗಿ ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತುವುದನ್ನು ನಮ್ಮೂರುಗಳಲ್ಲಿ ಕಂಡಿರುವ ನಮಗೆ ಇದು ಸಣ್ಣ ವಿಷಯವೇನಲ್ಲ.

ಹೊಲಿಗೆ ಯಂತ್ರ ಕಲಿಸಿದ ಪಾಠ

1894ರಲ್ಲಿ ಆಂತ್ವಾನ್ ಪ್ಯಾರಿಸ್ಸಿನಲ್ಲಿ ಅಮೆರಿಕದ ಥಾಮಸ್ ಎಡಿಸನ್ ಕಂಪನಿಯ ಕೈನೆಟೋಸ್ಕೋಪ್ ಎಂಬ ಯಂತ್ರವನ್ನು ನೋಡಿದರು. ಅದೊಂದು ಮರದ ಪೆಟ್ಟಿಗೆ. ಒಳಗೆ ಚಿತ್ರ ಚಲಿಸುತ್ತಿತ್ತು, ಆದರೆ ಒಂದು ಬಾರಿಗೆ ಒಬ್ಬರೇ ಇಣುಕಿ ನೋಡಬೇಕು. ಜಾತ್ರೆಯಲ್ಲಿ ಬಯಾಸ್ಕೋಪ್ ಪೆಟ್ಟಿಗೆಗೆ ಕಣ್ಣಿಟ್ಟು ನೋಡಿದ ಹಿರಿಯರಿಗೆ ಇದು ಸುಲಭವಾಗಿ ಅರ್ಥವಾದೀತು. ಚಿತ್ರ ಪೆಟ್ಟಿಗೆಯಿಂದ ಹೊರಬಂದು ಗೋಡೆಯ ಮೇಲೆ ಬೀಳುವಂತಾಗಬೇಕು, ಎಲ್ಲರೂ ಒಟ್ಟಿಗೆ ಕುಳಿತು ನೋಡುವಂತಾಗಬೇಕು ಎಂಬ ಆಸೆಯನ್ನು ಅವರು ಮಕ್ಕಳ ಮುಂದಿಟ್ಟರು.

ಮೊದಲು ಕೈಹಾಕಿದವರು ಅಣ್ಣ ಆಗುಸ್ತ್. ಆದರೆ ಸಮಸ್ಯೆ ಕಠಿಣವಾಗಿತ್ತು. ಫಿಲ್ಮ್ ಒಂದೇ ಸಮನೆ ಓಡಿದರೆ ಪರದೆಯ ಮೇಲೆ ಬರೀ ಮಸುಕು. ಪ್ರತಿಯೊಂದು ಚಿತ್ರವೂ ಬಂದು, ಕ್ಷಣಕಾಲ ನಿಂತು, ಬೆಳಕನ್ನು ಪಡೆದು ಮುಂದೆ ಸಾಗಬೇಕು. ಅದೂ ಸೆಕೆಂಡಿಗೆ ಸುಮಾರು 16 ಬಾರಿ! ಅನಾರೋಗ್ಯದಿಂದ ನಿದ್ರೆ ಬಾರದೆ ಹೊರಳಾಡುತ್ತಿದ್ದ ಒಂದು ರಾತ್ರಿ ಲೂಯಿಗೆ ಉತ್ತರ ಹೊಳೆಯಿತಂತೆ. ಹೊಲಿಗೆ ಯಂತ್ರದಲ್ಲಿ ಬಟ್ಟೆ ಹೇಗೆ ಸಾಗುತ್ತದೆ? ಸೂಜಿ ಕೆಳಗಿಳಿದಾಗ ಬಟ್ಟೆ ನಿಲ್ಲುತ್ತದೆ, ಮೇಲೆದ್ದಾಗ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಅದೇ ರೀತಿ ಎರಡು ಪುಟ್ಟ ಉಗುರುಗಳು ಫಿಲ್ಮಿನ ಅಂಚಿನ ರಂಧ್ರಕ್ಕೆ ಸಿಕ್ಕಿಕೊಂಡು, ಎಳೆದು, ಬಿಟ್ಟು ಹಿಂದೆ ಸರಿದರೆ ಆಯಿತು! ತಮ್ಮ ಒಂದೇ ರಾತ್ರಿಯಲ್ಲಿ ಸಿನಿಮಾಟೋಗ್ರಾಫ್ ಕಂಡುಹಿಡಿದ ಎಂದು ಮುಂದೆ ಜಗತ್ತಿಗೆ ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಅಣ್ಣ ಆಗುಸ್ತ್. ಆದರೂ 1895ರ ಫೆಬ್ರವರಿ 13ರಂದು ಪಡೆದ ಹಕ್ಕುಪತ್ರದಲ್ಲಿ ಇದ್ದದ್ದು ಇಬ್ಬರ ಹೆಸರೂ.

ಈ ಯಂತ್ರದ ಇನ್ನೊಂದು ಹೆಚ್ಚುಗಾರಿಕೆಯೆಂದರೆ ಅದರ ಸರಳತೆ. ಎಡಿಸನ್ನರ ಚಿತ್ರೀಕರಣದ ಯಂತ್ರ ಬಲು ಭಾರ, ವಿದ್ಯುತ್ ಬೇರೆ ಬೇಕು. ಲೂಮಿಯೇರ್ ಯಂತ್ರವೋ ಸುಮಾರು 5 ಕಿಲೋ ತೂಕದ ಮರದ ಪೆಟ್ಟಿಗೆ, ಕೈಯಿಂದ ತಿರುಗಿಸುವ ಹಿಡಿ. ಅದೇ ಕ್ಯಾಮೆರಾ, ಅದೇ ಪ್ರತಿ ತೆಗೆಯುವ ಯಂತ್ರ, ಹಿಂದೆ ದೀಪ ಇಟ್ಟರೆ ಅದೇ ಪ್ರೊಜೆಕ್ಟರ್! ಬೆಳಿಗ್ಗೆ ಚಿತ್ರೀಕರಿಸಿ, ಮಧ್ಯಾಹ್ನ ಸಂಸ್ಕರಿಸಿ, ಸಂಜೆ ಅದೇ ಊರಿನ ಜನರಿಗೆ ತೋರಿಸಬಹುದಿತ್ತು.

ಮನೆಯಂಗಳವೇ ಸ್ಟುಡಿಯೋ

ಯಂತ್ರವೇನೋ ಸಿದ್ಧವಾಯಿತು. ಚಿತ್ರೀಕರಿಸುವುದು ಏನನ್ನು? ಲೂಯಿ ಕ್ಯಾಮೆರಾವನ್ನು ಮೊದಲು ತಿರುಗಿಸಿದ್ದು ತಮ್ಮದೇ ಕಾರ್ಖಾನೆಯ ಬಾಗಿಲಿನತ್ತ. ಕೆಲಸ ಮುಗಿಸಿ ಹೊರಬರುತ್ತಿರುವ ಕಾರ್ಮಿಕರು, ಅವರಲ್ಲಿ ಬಹಳಷ್ಟು ಮಂದಿ ಹೆಂಗಸರು, ಸೈಕಲ್ಲಿನವರು, ಒಂದು ನಾಯಿ. 1895ರ ಮಾರ್ಚ್ 22ರಂದು ಪ್ಯಾರಿಸ್ಸಿನಲ್ಲಿ ಉದ್ಯಮ ಪ್ರೋತ್ಸಾಹಕ ಸಂಘದ ಸದಸ್ಯರ ಮುಂದೆ ಇದರ ಪ್ರದರ್ಶನ ನಡೆಯಿತು. ಈ ಚಿತ್ರವನ್ನು ಬೇರೆ ಬೇರೆ ದಿನ ಮತ್ತೆ ಮತ್ತೆ ತೆಗೆದಿದ್ದಾರೆ. ಹಾಗಾಗಿ ಅದರ ಮೂರು ರೂಪಗಳು ಇಂದಿಗೂ ಉಳಿದಿವೆ. ಒಂದರಲ್ಲಿ ಒಂಟಿ ಕುದುರೆಯ ಗಾಡಿ, ಇನ್ನೊಂದರಲ್ಲಿ ಜೋಡಿ ಕುದುರೆ, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ರೀಟೇಕ್ ಎಂಬುದು ಸಿನಿಮಾದಷ್ಟೇ ಹಳೆಯದು ಎಂದರೆ ತಪ್ಪಾಗಲಾರದು!

ಆಮೇಲೆ ಕ್ಯಾಮೆರಾ ಮನೆಯಂಗಳಕ್ಕೆ ಬಂತು. "ಮಗುವಿನ ಊಟ" ಎಂಬ ಚಿತ್ರದಲ್ಲಿ ತೋಟದ ಮೇಜಿನ ಒಂದು ಕಡೆ ಆಗುಸ್ತ್, ಇನ್ನೊಂದು ಕಡೆ ಪತ್ನಿ ಮಾರ್ಗರಿತ್, ನಡುವೆ ಮಗಳು ಆಂದ್ರೆ. ಅಪ್ಪ ಚಮಚದಲ್ಲಿ ಉಣಿಸುತ್ತಾರೆ, ಕೈಗೊಂದು ಬಿಸ್ಕತ್ತು ಕೊಡುತ್ತಾರೆ. ಅಮ್ಮ ತನ್ನ ಪಾಡಿಗೆ ಕಾಫಿ ಬಗ್ಗಿಸಿಕೊಳ್ಳುತ್ತಾರೆ. ಇಷ್ಟೇ ಕಥೆ. ಕ್ಯಾಮೆರಾದ ಹಿಂದೆ ನಿಂತವರು ಮಗುವಿನ ಚಿಕ್ಕಪ್ಪ. ನಮ್ಮ ಮನೆಯ ಅನ್ನಪ್ರಾಶನದ ಟೇಪಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಅಂದಿನ ಪ್ರೇಕ್ಷಕರು ಮಗುವಿನಷ್ಟೇ ಬೆರಗಿನಿಂದ ನೋಡಿದ್ದು ಹಿಂದೆ ಗಾಳಿಗೆ ಅಲುಗಾಡುತ್ತಿದ್ದ ಎಲೆಗಳನ್ನು! ನಾಟಕದ ಪರದೆಯ ಮೇಲೆ ಬಿಡಿಸಿದ ಮರ ಎಂದೂ ಅಲುಗಾಡಿರಲಿಲ್ಲವಲ್ಲ.

ಹುಡುಗನೊಬ್ಬ ನೀರಿನ ಪೈಪನ್ನು ತುಳಿದು ತೋಟಗಾರನನ್ನು ತೋಯಿಸುವ ಪುಟ್ಟ ಹಾಸ್ಯಚಿತ್ರವೂ ಅದೇ ವರ್ಷ ತಯಾರಾಯಿತು. ಕಥೆ ಕಟ್ಟಿ ನಗಿಸಿದ ಮೊದಲ ಸಿನಿಮಾಗಳಲ್ಲಿ ಅದೂ ಒಂದು. ಪ್ರತಿಯೊಂದು ಚಿತ್ರದ ಉದ್ದ ಸುಮಾರು 17 ಮೀಟರ್, ಅವಧಿ 50 ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಎಲ್ಲವೂ ಮುಗಿಯಬೇಕು. ಎಲ್ಲಿ ನಿಂತರೆ ದೃಶ್ಯ ಪೂರ್ತಿ ಕಾಣುತ್ತದೆ, ಜನ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಾರೆ ಎಂಬುದನ್ನೆಲ್ಲ ಮೊದಲೇ ಲೆಕ್ಕ ಹಾಕಿದವರ ಕಣ್ಣು ಈ ಚಿತ್ರಗಳಲ್ಲಿ ಕಾಣುತ್ತದೆ. ಲೂಯಿ ಬರೀ ಯಂತ್ರತಜ್ಞರಲ್ಲ, ನುರಿತ ಛಾಯಾಗ್ರಾಹಕರೂ ಆಗಿದ್ದರು.

ಇಂಡಿಯನ್ ಸಲೋನಿನಲ್ಲಿ 33 ಜನ

ಸಾರ್ವಜನಿಕರಿಗೆ ಟಿಕೆಟ್ ಇಟ್ಟು ತೋರಿಸಿದ ಐತಿಹಾಸಿಕ ಪ್ರದರ್ಶನ ನಡೆದದ್ದು 1895ರ ಡಿಸೆಂಬರ್ 28ರ ಶನಿವಾರ. ಸ್ಥಳ ಪ್ಯಾರಿಸ್ಸಿನ ಗ್ರಾಂಡ್ ಕೆಫೆಯ ನೆಲಮಾಳಿಗೆ. ಆ ಕೋಣೆಯ ಹೆಸರು ಕೇಳಿದರೆ ಆಶ್ಚರ್ಯವಾಗುತ್ತದೆ: "ಸಲೋನ್ ಆಂದಿಯೆನ್", ಅಂದರೆ ಇಂಡಿಯನ್ ಸಲೋನ್! ವ್ಯವಸ್ಥೆಯ ಹೊಣೆ ಹೊತ್ತವರು ತಂದೆ ಆಂತ್ವಾನ್. ಗಲ್ಲಾಪೆಟ್ಟಿಗೆಯಲ್ಲಿ ಪಾಲು ಕೊಡುತ್ತೇವೆಂದರೂ ಕೆಫೆಯ ಮಾಲೀಕರು ಒಪ್ಪದೆ, ದಿನಕ್ಕೆ 30 ಫ್ರಾಂಕ್ ಬಾಡಿಗೆಯೇ ಸಾಕು ಎಂದರಂತೆ. ಒಂದು ಫ್ರಾಂಕ್ ಟಿಕೆಟ್, ಹತ್ತು ಚಿತ್ರಗಳು, ಅಂದು ದುಡ್ಡು ಕೊಟ್ಟು ಬಂದವರು 33 ಜನ. ಕೆಲವೇ ವಾರಗಳಲ್ಲಿ ದಿನಕ್ಕೆ ಎರಡು ಸಾವಿರ ಜನ ಸಾಲುಗಟ್ಟಿ ನಿಂತಾಗ ಆ ಮಾಲೀಕರ ಮುಖ ಹೇಗಾಗಿರಬೇಡ!

ರೈಲು ಪರದೆಯ ಮೇಲೆ ನುಗ್ಗಿ ಬಂದದ್ದನ್ನು ನೋಡಿ ಜನ ಹೆದರಿ ಎದ್ದೋಡಿದರು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಲಾ ಸಿಯೊತಾ ನಿಲ್ದಾಣಕ್ಕೆ ರೈಲು ಬರುವ ಆ ಚಿತ್ರ ಮೊದಲ ದಿನದ ಹತ್ತು ಚಿತ್ರಗಳಲ್ಲಿ ಇರಲೇ ಇಲ್ಲ, ಜನ ಓಡಿದ್ದಕ್ಕೂ ಗಟ್ಟಿಯಾದ ಆಧಾರವಿಲ್ಲ. ಆದರೆ ಚಿತ್ರವನ್ನು ಗಮನವಿಟ್ಟು ನೋಡಿ. ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿರುವವರ ನಡುವೆ ಲೂಮಿಯೇರ್ ಮನೆಯವರೂ ಇದ್ದಾರೆ. ಬರುವವರಿಗಾಗಿ ಕಾದು ನಿಂತ ಕುಟುಂಬ! ವಿಮಾನ ನಿಲ್ದಾಣದ ಟೇಪು ನಿಮಗೆ ನೆನಪಾಗುವುದಿಲ್ಲವೇ?

ಮುಂಬಯಿಗೆ ಬಂದ ಬೆಳಕು

ಮೊದಲ ದಿನಗಳಲ್ಲಿ ಬಂದ ಪ್ರೇಕ್ಷಕರಲ್ಲಿ ಜಾರ್ಜ್ ಮೆಲಿಯೆಸ್ ಎಂಬ ಜಾದೂಗಾರರೂ ಇದ್ದರು. ಯಂತ್ರವನ್ನು ಕೊಳ್ಳಲು ಮುಂದೆ ಬಂದರೂ ಆಂತ್ವಾನ್ ಕೊಡಲಿಲ್ಲ. ಈ ಹುಚ್ಚು ಸ್ವಲ್ಪ ದಿನವಷ್ಟೇ, ಆಮೇಲೆ ಜನ ಮರೆಯುತ್ತಾರೆ ಎಂಬ ಭಾವನೆ ಅಂದು ಲೂಮಿಯೇರ್ ಮನೆಯಲ್ಲಿತ್ತು. ಆದ್ದರಿಂದ ಯಂತ್ರವನ್ನು ಮಾರದೆ, ತಾವೇ ತರಬೇತಿ ಕೊಟ್ಟ ಹುಡುಗರನ್ನು ದೇಶದೇಶಗಳಿಗೆ ಕಳುಹಿಸಿದರು. ಅವರ ಕೆಲಸ ಎರಡು: ಲೂಮಿಯೇರ್ ಚಿತ್ರಗಳನ್ನು ತೋರಿಸುವುದು, ಆ ದೇಶದ ಚಿತ್ರಗಳನ್ನು ತೆಗೆದು ಲಿಯೋನ್‌ಗೆ ಕಳುಹಿಸುವುದು. 1896ರಲ್ಲಿ ಅಲೆಕ್ಸಾಂದ್ರ್ ಪ್ರೊಮಿಯೊ ವೆನಿಸ್ಸಿನ ದೋಣಿಯಲ್ಲಿ ಕ್ಯಾಮೆರಾ ಇಟ್ಟು, ದಡವೇ ಚಲಿಸುವಂತೆ ತೋರಿಸಿದರು. ಅದೇ ವರ್ಷ ಮಾಸ್ಕೋದಲ್ಲಿ ರಷ್ಯಾದ ಚಕ್ರವರ್ತಿಯ ಪಟ್ಟಾಭಿಷೇಕದ ಚಿತ್ರೀಕರಣವೂ ನಡೆಯಿತು.

ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಮಾರಿಯಸ್ ಸೆಸ್ತಿಯೇ ದಾರಿಯಲ್ಲಿ ಮುಂಬಯಿಯಲ್ಲಿ ಇಳಿದರು. 1896ರ ಜುಲೈ 7ರಂದು ಅಲ್ಲಿನ ವಾಟ್ಸನ್ ಹೋಟೆಲಿನಲ್ಲಿ, ಒಂದು ರೂಪಾಯಿ ಟಿಕೆಟ್ಟಿಗೆ, ಭಾರತದ ಮೊದಲ ಸಿನಿಮಾ ಪ್ರದರ್ಶನ ನಡೆಯಿತು. ಪ್ಯಾರಿಸ್ಸಿನ ಆ ನೆಲಮಾಳಿಗೆಯ ಪ್ರದರ್ಶನವಾಗಿ ಏಳು ತಿಂಗಳೂ ತುಂಬಿರಲಿಲ್ಲ! ಈ ಚಿತ್ರಗಳಿಗೆ ಮಾರುಹೋದ ಮುಂಬಯಿಯ ಛಾಯಾಗ್ರಾಹಕ ಹರಿಶ್ಚಂದ್ರ ಭಟವಡೇಕರ್ ಕ್ಯಾಮೆರಾ ತರಿಸಿಕೊಂಡು 1899ರಲ್ಲಿ ಕುಸ್ತಿ ಪಂದ್ಯವೊಂದನ್ನು ಚಿತ್ರೀಕರಿಸಿದರು. 1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರ "ರಾಜಾ ಹರಿಶ್ಚಂದ್ರ" ಬಂತು. 1934ರಲ್ಲಿ "ಸತಿ ಸುಲೋಚನ"ದ ಮೂಲಕ ಪರದೆ ಕನ್ನಡ ಮಾತಾಡಿತು. ನಮ್ಮ ಹಳ್ಳಿಗಳ ಟೂರಿಂಗ್ ಟಾಕೀಸಿನ ಗುಡಾರದಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕುಳಿತು ಸಿನಿಮಾ ನೋಡಿದವರು, ಎಲ್ಲರೂ ಒಟ್ಟಿಗೆ ಕುಳಿತು ನೋಡಬೇಕೆಂಬ ಆಂತ್ವಾನ್ ಅವರ ಆಸೆಯನ್ನೇ ಈಡೇರಿಸಿದರು ಎನ್ನಬಹುದು.

ಆಲೂಗಡ್ಡೆಯಿಂದ ಬಣ್ಣದ ಚಿತ್ರ

ಸುಮಾರು ಹತ್ತು ವರ್ಷಗಳಲ್ಲಿ ಲೂಮಿಯೇರ್ ಕಂಪನಿಯಿಂದ 1,400ಕ್ಕೂ ಹೆಚ್ಚು ಚಿತ್ರಗಳು ಹೊರಬಂದವು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಬೃಹತ್ ಪರದೆಯ ಮೇಲೆ ಅವರ ಚಿತ್ರಗಳು ಮೂಡಿದವು. ಆದರೆ ಅಷ್ಟರಲ್ಲಿ ಜನರಿಗೆ ಕಥೆ ಬೇಕಿತ್ತು. ಮೆಲಿಯೆಸ್‌ರಂತಹವರು ಮಾಯಾಲೋಕವನ್ನೇ ಕಟ್ಟಿ ತೋರಿಸುತ್ತಿದ್ದರು. ಸಹೋದರರು ಸ್ಪರ್ಧೆಗೆ ಇಳಿಯದೆ, ಚಿತ್ರ ನಿರ್ಮಾಣವನ್ನು ಕ್ರಮೇಣ ನಿಲ್ಲಿಸಿ ತಮ್ಮ ಪ್ರಯೋಗಶಾಲೆಗೆ ಮರಳಿದರು.

ಅಲ್ಲಿ ಹುಟ್ಟಿದ್ದೇ "ಆಟೋಕ್ರೋಮ್" ಎಂಬ ಬಣ್ಣದ ಛಾಯಾಚಿತ್ರದ ವಿಧಾನ. 1903ರಲ್ಲಿ ಹಕ್ಕುಪತ್ರ, 1907ರಲ್ಲಿ ಮಾರುಕಟ್ಟೆಗೆ. ಆಲೂಗಡ್ಡೆಯ ಪಿಷ್ಟದ ಅತಿ ಸೂಕ್ಷ್ಮ ಕಣಗಳಿಗೆ ಕಿತ್ತಳೆ, ಹಸಿರು, ನೇರಳೆ ಬಣ್ಣ ಹಾಕಿ, ಬೆರೆಸಿ, ಗಾಜಿನ ಮೇಲೆ ಒಂದೇ ಪದರವಾಗಿ ಹರಡುತ್ತಿದ್ದರು. ಪ್ರತಿ ಕಣವೂ ಒಂದು ಪುಟ್ಟ ಬಣ್ಣದ ಕಿಟಕಿ. ಅದರ ಮೂಲಕ ಹಾದ ಬೆಳಕು ಹಿಂದಿನ ಲೇಪದಲ್ಲಿ ದಾಖಲಾಗುತ್ತಿತ್ತು. ಸಾಮಾನ್ಯ ಛಾಯಾಗ್ರಾಹಕರ ಕೈಗೆ ಬಣ್ಣ ಸಿಕ್ಕಿದ್ದು ಈ ಫಲಕಗಳಿಂದಲೇ. ಲೂಯಿ ತಮ್ಮ ದೊಡ್ಡ ಸಾಧನೆಯೆಂದು ಸಿನಿಮಾಕ್ಕಿಂತ ಇದನ್ನೇ ಎಣಿಸುತ್ತಿದ್ದರಂತೆ. 1919ರಲ್ಲಿ ಅವರು ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಎಪ್ಪತ್ತರ ವಯಸ್ಸಿನಲ್ಲಿ, 1930ರ ದಶಕದಲ್ಲಿ, ತ್ರೀಡಿ ಸಿನಿಮಾ ಪ್ರಯೋಗಕ್ಕೂ ಕೈಹಾಕಿದರು!

ಅಣ್ಣ ಆಗುಸ್ತ್ ವೈದ್ಯಕೀಯ ಸಂಶೋಧನೆಯತ್ತ ತಿರುಗಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸುಟ್ಟ ಗಾಯಗಳಿಗೆ ಅಂಟಿಕೊಳ್ಳದಂತಹ, ಜಿಡ್ಡು ಲೇಪಿಸಿದ ಜಾಲರಿ ಬಟ್ಟೆಯ ಪಟ್ಟಿಯನ್ನು ರೂಪಿಸಿದರು. "ತ್ಯುಲ್ ಗ್ರಾ" ಎಂಬ ಹೆಸರಿನ ಈ ಬಗೆಯ ಪಟ್ಟಿಯನ್ನು ಇಂದಿಗೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಬೇಸಿಗೆಯ ತೋಟದಲ್ಲಿ ಮಗಳಿಗೆ ಉಣಿಸಿದ ಕೈಯೇ ಯುದ್ಧದ ಗಾಯಾಳುಗಳ ನೋವು ತಗ್ಗಿಸಲು ದುಡಿಯಿತು.

ಮರೆಮಾಚಬಾರದ ಮಾತು

ದೊಡ್ಡವರ ಬಗ್ಗೆ ಬರೆಯುವಾಗ ಕಹಿ ಸಂಗತಿಯನ್ನು ಬಿಟ್ಟುಬಿಡುವುದು ನಮ್ಮಲ್ಲಿ ವಾಡಿಕೆ. ಆದರೆ ಮಕ್ಕಳು ಓದುವ ಬರಹದಲ್ಲಿ ಅದು ಸರಿಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಸೋತ ಮೇಲೆ ಫ್ರಾನ್ಸಿನಲ್ಲಿ ವಿಶಿ ಸರ್ಕಾರ ಬಂತು. ಅದು ನಾಜಿಗಳೊಂದಿಗೆ ಕೈಜೋಡಿಸಿದ ಸರ್ಕಾರ. ವೃದ್ಧಾಪ್ಯದಲ್ಲಿದ್ದ ಈ ಸಹೋದರರು ಆ ಸರ್ಕಾರವನ್ನು ಬೆಂಬಲಿಸಿದರು. ಈ ಕಾರಣಕ್ಕಾಗಿಯೇ 1990ರ ದಶಕದಲ್ಲಿ 200 ಫ್ರಾಂಕ್ ನೋಟಿನ ಮೇಲೆ ಅವರ ಚಿತ್ರ ಅಚ್ಚು ಹಾಕುವ ಯೋಜನೆಗೆ ವಿರೋಧ ಎದ್ದು, ಅದನ್ನು ಕೈಬಿಡಲಾಯಿತು. ಸಾಧನೆ ದೊಡ್ಡದಾದ ಮಾತ್ರಕ್ಕೆ ತಪ್ಪು ಚಿಕ್ಕದಾಗುವುದಿಲ್ಲ. ಇದನ್ನೂ ನಮ್ಮ ಮಕ್ಕಳಿಗೆ ಹೇಳಬೇಕು.

ಲೂಯಿ 1948ರ ಜೂನ್ 6ರಂದು ದಕ್ಷಿಣ ಫ್ರಾನ್ಸಿನ ಬಾಂದೋಲ್‌ನಲ್ಲಿ ನಿಧನರಾದರು. ಅಣ್ಣ ಆಗುಸ್ತ್ 1954ರ ಏಪ್ರಿಲ್ 10ರಂದು, 91ನೆಯ ವಯಸ್ಸಿನಲ್ಲಿ, ಲಿಯೋನ್‌ನಲ್ಲಿ ಕಣ್ಮುಚ್ಚಿದರು.

ಉಳಿದುಕೊಂಡದ್ದು

ಮೋಂಪ್ಲೆಜಿರ್‌ನಲ್ಲಿ ಲೂಮಿಯೇರ್ ಕುಟುಂಬದ ಭವ್ಯ ಮನೆ ಇಂದು ವಸ್ತುಸಂಗ್ರಹಾಲಯ. ಕಾರ್ಖಾನೆಯ ಬಹುಭಾಗ ಈಗಿಲ್ಲ. ಆದರೆ ಕಾರ್ಮಿಕರು ಹೊರಬಂದ ಆ ಕಟ್ಟಡದ ಭಾಗವನ್ನು ಉಳಿಸಿಕೊಂಡು, ಅದರೊಳಗೆ ಚಿತ್ರಮಂದಿರ ಮಾಡಿದ್ದಾರೆ. ಎದುರಿನ ಬೀದಿಯ ಹೆಸರೇ "ಮೊದಲ ಚಿತ್ರದ ಬೀದಿ"! 2005ರಲ್ಲಿ ಲೂಮಿಯೇರ್ ಚಿತ್ರಗಳು ಯುನೆಸ್ಕೋದ ವಿಶ್ವಸ್ಮರಣೆಯ ಪಟ್ಟಿಗೆ ಸೇರಿದವು. ಯೂರೋಪ್ ಪ್ರವಾಸ ಹೋಗುವವರು ಪ್ಯಾರಿಸ್ಸಿನ ಐಫೆಲ್ ಗೋಪುರದ ಜೊತೆಗೆ ಲಿಯೋನ್‌ಗೂ ಒಂದು ದಿನ ಮೀಸಲಿಡಿ ಎಂಬುದು ನಮ್ಮ ಸಲಹೆ.

ಕೊನೆಯದಾಗಿ ಒಂದು ಮಾತು. "ಮಗುವಿನ ಊಟ" ಚಿತ್ರದ ಆಂದ್ರೆ ಬೆಳೆದು ದೊಡ್ಡವಳಾದಳು. 1918ರಲ್ಲಿ ಜಗತ್ತನ್ನೆಲ್ಲ ನಡುಗಿಸಿದ ಇನ್‌ಫ್ಲುಯೆಂಜಾ ಅವಳನ್ನು ಕರೆದುಕೊಂಡು ಹೋಯಿತು. ಆಗ ಅವಳಿಗೆ 24 ವರ್ಷ. ಅಪ್ಪ ಆ ನಂತರ 36 ವರ್ಷ ಬದುಕಿದರು. ಇಂದು ಆ ಚಿತ್ರ ನೋಡಿದರೆ ಆಂದ್ರೆ ಇನ್ನೂ ಬಿಸ್ಕತ್ತು ತಿನ್ನುತ್ತಿದ್ದಾಳೆ, ಅಪ್ಪ ಇನ್ನೂ ಚಮಚ ಹಿಡಿದಿದ್ದಾರೆ, ಎಲೆಗಳು ಇನ್ನೂ ಅಲುಗಾಡುತ್ತಿವೆ.

ದೂರದ ಊರಿನಲ್ಲಿರುವ ನಮಗೆ ಇದರ ಬೆಲೆ ಗೊತ್ತು. ನಮ್ಮ ಟೇಪುಗಳಲ್ಲಿರುವ ಎಷ್ಟೋ ಅಜ್ಜಿ ತಾತಂದಿರು ಇಂದು ಇಲ್ಲ. ಅವರ ಕೊನೆಯ ದಿನಗಳಲ್ಲಿ ನಮ್ಮಲ್ಲಿ ಅನೇಕರು ಹತ್ತಿರ ಇರಲೂ ಆಗಲಿಲ್ಲ. ಆ ಟೇಪುಗಳನ್ನು ಓಡಿಸುವ ಯಂತ್ರಗಳು ಮನೆಯಿಂದ ಒಂದೊಂದಾಗಿ ಮರೆಯಾಗುತ್ತಿವೆ, ಟೇಪುಗಳೂ ಹಾಳಾಗುತ್ತಿವೆ. ಈ ವಾರಾಂತ್ಯದಲ್ಲಿ ಒಂದಿಷ್ಟು ಬಿಡುವು ಮಾಡಿಕೊಂಡು ಆ ಡಬ್ಬವನ್ನು ಕೆಳಗಿಳಿಸಿ, ಟೇಪುಗಳನ್ನು ಕಂಪ್ಯೂಟರಿಗೆ ವರ್ಗಾಯಿಸಿಕೊಳ್ಳಿ. ಅದರಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂದು ಬರೆದಿಡಿ. ಆಮೇಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಲೂಮಿಯೇರ್ ಸಹೋದರರ 50 ಸೆಕೆಂಡಿನ ಚಿತ್ರವನ್ನೂ, ನಂತರ ನಿಮ್ಮ ಮನೆಯ ಟೇಪನ್ನೂ ಒಟ್ಟಿಗೆ ನೋಡಿ.